ಕಪ್ಪತಗುಡ್ಡ ಉಳಿದರೆ ಕೆಳಗಿನ ಹೊಲ ಉಳಿದೀತು

ಗದಗ ಜಿಲ್ಲೆಯ ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಗುಡ್ಡಸಾಲೇ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲು ಎಂಬುದು ಆ ಸೀಮೆಯ ಹಿರಿಯರ ಮಾತು. ಕಪ್ಪತಮಲ್ಲೇಶ್ವರನ ಭಕ್ತರಿಗೆ ಅದು ದೇವರ ನೆಲೆ. ನಾಟಿ ವೈದ್ಯರಿಗೆ ಔಷಧಿಯ ಕಣಜ. ರೈತರಿಗೆ ಅದು ಇನ್ನೂ ಹೆಚ್ಚಿನದು.

ಮಳೆ ಹಿಡಿಯುವ ಗುಡ್ಡ

ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಗುಡ್ಡದ ಮೇಲೆ ಹುಲ್ಲು, ಪೊದೆ, ಮರಗಳಿದ್ದರೆ ಆ ನೀರು ನಿಧಾನವಾಗಿ ನೆಲಕ್ಕೆ ಇಂಗುತ್ತದೆ. ಹಳ್ಳ ಹೆಚ್ಚು ದಿನ ಹರಿಯುತ್ತದೆ, ಬಾವಿಗಳಿಗೆ ಸೆಲೆ ಬರುತ್ತದೆ. ಗುಡ್ಡ ಬೋಳಾದರೆ ಅದೇ ಮಳೆ ಮಣ್ಣನ್ನು ಕೊಚ್ಚಿ ತಂದು ಕೆರೆಗೆ ಹೂಳು ತುಂಬುತ್ತದೆ, ಹೊಲದ ಒಡ್ಡು ಒಡೆಯುತ್ತದೆ.

ಜನರ ಹೋರಾಟ

ಇಲ್ಲಿನ ಶಿಲೆಗಳಲ್ಲಿ ಚಿನ್ನವೂ ಇದೆ, ಕಬ್ಬಿಣ, ಮ್ಯಾಂಗನೀಸ್‌ಗಳ ಅದಿರೂ ಇದೆ. ಗಣಿಯ ಕಣ್ಣು ಗುಡ್ಡದ ಮೇಲೆ ಬಿದ್ದದ್ದು ಇದರಿಂದಲೇ. 2015ರಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು; 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಆಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತನದಲ್ಲಿ ಜನ ಧರಣಿ ಕುಳಿತರು. 2017ರಲ್ಲಿ ಸಂರಕ್ಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಪ್ರದೇಶ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳಿಗೂ ಅಲ್ಲಿ ಆಸರೆಯಿದೆ.

ಆದರೆ ಕಾಗದದ ಮೇಲಿನ ಆದೇಶವೊಂದೇ ಗುಡ್ಡವನ್ನು ಕಾಯಲಾರದು. ಕುರಿ, ದನ ಮೇಯಿಸಿ ಬದುಕುವವರಿಗೆ ಕಾಡಿನ ಕಟ್ಟಳೆ ತೊಡಕಾಗುವುದೂ ನಿಜ. ಅವರಿಗೆ ಮೇವಿನ ದಾರಿ ತೋರಿಸದೆ ಬರಿಯ ಬೇಲಿ ಹಾಕಿದರೆ ಗುಡ್ಡಕ್ಕೆ ಗೆಳೆಯರು ಉಳಿಯುವುದಿಲ್ಲ.

ರೈತರು ಮಾಡಬಹುದಾದದ್ದು

ಹಳೆಯ ಹುಲ್ಲು ಸುಟ್ಟರೆ ಹೊಸ ಹುಲ್ಲು ಸೊಗಸಾಗಿ ಬರುತ್ತದೆಂದು ಬೇಸಿಗೆಯಲ್ಲಿ ಬೆಂಕಿ ಇಡುವವರುಂಟು. ಬೆಂಕಿಯಿಂದ ಎಳೆ ಸಸಿಗಳು ಸಾಯುತ್ತವೆ, ಉದುರಿದ ಬೀಜ ಸುಡುತ್ತದೆ, ಬರಿದಾದ ಮಣ್ಣು ಮೊದಲ ಮಳೆಗೇ ಹರಿದು ಹೋಗುತ್ತದೆ. ಇದನ್ನು ಬಿಡಬೇಕು. ಹೊಗೆ ಕಂಡ ಕೂಡಲೇ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಬದುಗಳ ಮೇಲೆ ಮೇವಿನ ಹುಲ್ಲು, ಚೊಗಚೆ, ಸುಬಾಬುಲ್ ಬೆಳೆದುಕೊಂಡರೆ ಗುಡ್ಡದ ಮೇಲಿನ ಹೊರೆ ತಗ್ಗುತ್ತದೆ. ಔಷಧಿಗೆಂದು ಗಿಡವನ್ನು ಬೇರುಸಹಿತ ಕೀಳುವುದು ಬೀಜದ ಕಾಳನ್ನೇ ಉಂಡಂತೆ. ಬೇಕಾದವುಗಳನ್ನು ಹಿತ್ತಿಲಲ್ಲಿ ಬೆಳೆಸಿಕೊಳ್ಳುವುದು ಲೇಸು. ಗುಡ್ಡದಂಚಿನಲ್ಲಿ ಕಲ್ಲುಗಣಿ ಮುಂತಾದವುಗಳ ಪ್ರಸ್ತಾಪ ಬಂದಾಗ ಗ್ರಾಮಸಭೆಗೆ ತಪ್ಪದೆ ಹೋಗಿ ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸಬೇಕು.

ಚಿನ್ನವನ್ನು ಒಮ್ಮೆ ತೆಗೆದರೆ ಮುಗಿಯಿತು. ಗುಡ್ಡ ಇಳಿಸುವ ನೀರು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಜೋಳ, ಶೇಂಗಾ, ಕಡಲೆ ಬೆಳೆಸುತ್ತದೆ. ನಿಮ್ಮ ಊರಿಗೂ ಒಂದು ಗುಡ್ಡವಿದ್ದರೆ ಅದರ ಲೆಕ್ಕವೂ ಇದೇ.