ಅಜ್ಜನ ಸುತ್ತಿಗೆ ಮತ್ತು ಹೊಸ ಸುತ್ತಿಗೆ



ನಮ್ಮ ಶಾಲೆಯ ವಿಜ್ಞಾನ ಮೂಲೆಗೆ ಬಗೆಬಗೆಯ ಕಲ್ಲು ಕೂಡಿಸುವುದು ನನ್ನ ಹವ್ಯಾಸ. ಅದಕ್ಕೆ ಅಜ್ಜನ ಹಳೇ ಸುತ್ತಿಗೆ ಒಯ್ಯುತ್ತಿದ್ದೆ. ಬಡಿದೂ ಬಡಿದೂ ಅದರ ಮುಖ ಅಣಬೆಯ ಹಾಗೆ ಅಗಲವಾಗಿತ್ತು. ಕಾವು ಸಹ ಅಲ್ಲಾಡುತ್ತಿತ್ತು. ಆದರೂ ಅಜ್ಜನದು ಅಂತ ಬಿಡಲು ಮನಸ್ಸಿರಲಿಲ್ಲ.

ಒಂದು ಭಾನುವಾರ ಬೆಣಚುಕಲ್ಲಿಗೆ ಹೊಡೆದಾಗ ಸುತ್ತಿಗೆಯ ಅಂಚಿನ ಚೂರು ಸಿಡಿದು ತಮ್ಮನ ಕೆನ್ನೆಗೆ ಬಡಿಯಿತು. ರಕ್ತ ಬಂತು. ಎರಡು ಬೆರಳು ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಮನೆಯಲ್ಲಿ ‘ತಮ್ಮ ಬಿದ್ದ’ ಅಂತ ಸುಳ್ಳು ಹೇಳಿದೆ. ಅಜ್ಜ ಸುತ್ತಿಗೆ ತಿರುಗಿಸಿ ನೋಡಿ, "ಇಲ್ನೋಡು, ಅಂಚು ಹಾರಿ ಹೋಗೈತೆ. ಇನ್ಮೇಲೆ ಇದನ್ನ ಮುಟ್ಟಬ್ಯಾಡ" ಅಂದರು. ನಾನು ತಲೆ ತಗ್ಗಿಸಿದೆ.

ಸುತ್ತಿಗೆ ಏಕೆ ಸವೆಯುತ್ತದೆ? ಮೋಸ್ ಎಂಬ ವಿಜ್ಞಾನಿಯ ಗಡಸುತನದ ಪಟ್ಟಿಯಲ್ಲಿ ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಬೆಣಚುಕಲ್ಲಿಗೆ 7. ಸಾಧಾರಣ ಕಬ್ಬಿಣ ಅದಕ್ಕಿಂತ ಮೆತ್ತಗೆ.

ಅಪ್ಪ ಪೇಟೆಯಿಂದ ಕಾವಿಲ್ಲದ ಹೊಸ ಸುತ್ತಿಗೆ ತಂದರು. ಅದನ್ನು ಸಿದ್ಧ ಮಾಡಲು ಅಜ್ಜ ಕಲಿಸಿದ ಕ್ರಮ ಹೀಗಿದೆ:

1. ಕಾವಿಗೆ ಚೆನ್ನಾಗಿ ಒಣಗಿದ ಕರಿಜಾಲಿ ಆಗುತ್ತದೆ. ಗಂಟು ಇರಬಾರದು. ಹಸಿ ಮರ ಹಾಕಿದರೆ ಒಣಗಿದ ಮೇಲೆ ಕುಗ್ಗಿ ಸಡಿಲವಾಗುತ್ತದೆ.

2. ಕಾವಿನ ತುದಿಯನ್ನು ಗರಗಸದಿಂದ ಸೀಳಿ, ಸುತ್ತಿಗೆಯ ತೂತಿಗೆ ಸೇರಿಸಿ, ಸೀಳಿನೊಳಗೆ ಬೆಣೆ ಬಡಿಯಬೇಕು. ಸಡಿಲವಾದರೆ ನಾವು ನೀರಲ್ಲಿ ನೆನೆ ಹಾಕುತ್ತೇವಲ್ಲ, ಅದು ತಪ್ಪು. ಮರ ಉಬ್ಬಿ ಬಿಗಿಯಾದಂತೆ ಕಾಣುತ್ತದೆ, ಒಣಗಿದರೆ ಮತ್ತೆ ಸಡಿಲ.

3. ಹೊಸ ಸುತ್ತಿಗೆಯ ಮುಖದ ಅಂಚು ಚೂಪಾಗಿದ್ದರೆ ಅರದಿಂದ ಉಜ್ಜಿ ಸ್ವಲ್ಪ ಓರೆ ಮಾಡಬೇಕು. ಚೂಪಾದ ಅಂಚೇ ಬೇಗ ಸಿಡಿಯುವುದು.

4. ಕಾವಿಗೆ ಅಗಸೆ ಎಣ್ಣೆ ಸವರಿ ಒಣಗಲು ಬಿಡಬೇಕು.

5. ಹೊಸ ಎತ್ತನ್ನು ಮೊದಲ ದಿನವೇ ತುಂಬಿದ ಗಾಡಿಗೆ ಕಟ್ಟುತ್ತಾರೆಯೇ? ಹಾಗೇ ಇದೂ. ಮೊದಲು ಮೆತ್ತನೆ ಕಲ್ಲಿಗೆ ಮೆಲ್ಲಗೆ ಹೊಡೆದು ಕೈಗೆ ರೂಢಿಯಾಗಬೇಕು. ದಿನಾ ಬೆಣೆ ನೋಡಬೇಕು, ಎದ್ದಿದ್ದರೆ ಮತ್ತೆ ಬಡಿಯಬೇಕು.

ಒಂದು ಸುತ್ತಿಗೆಯಿಂದ ಇನ್ನೊಂದಕ್ಕೆ ಹೊಡೆಯಲೇಬಾರದು. ಕಣ್ಣಿಗೆ ಕನ್ನಡಕ ಬೇಕು, ಪಕ್ಕದಲ್ಲಿ ಚಿಕ್ಕವರು ಇರಬಾರದು. ಎಲ್ಲ ಕಲ್ಲನ್ನೂ ಒಡೆಯಬಾರದು. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ನೀರಿನಡಿ ಲಾವಾ ಉಕ್ಕಿ ಆದ ದಿಂಬಿನಂಥ ಕಲ್ಲುಗಳಿವೆ. ಅದು ರಾಷ್ಟ್ರೀಯ ಸ್ಮಾರಕ. ಅಲ್ಲಿ ಸುತ್ತಿಗೆ ಚೀಲದಲ್ಲೇ ಇರಲಿ.

ಅಜ್ಜನ ಸುತ್ತಿಗೆ ಈಗ ವಿಜ್ಞಾನ ಮೂಲೆಯಲ್ಲಿದೆ. ಅಂಚಿನಲ್ಲಿ ಚೂರು ಹಾರಿದ ಜಾಗ ಕಾಣುತ್ತದೆ. ಎಲ್ಲರೂ ಒಮ್ಮೆ ನೋಡಿ.

ಇಂತಿ ನಿಮ್ಮ ಗೆಳೆಯ,
7ನೇ ತರಗತಿ