ಹಿರಿಯರ ಹೆಸರನ್ನು ಅರಸುವ ಬಗೆ: ಹಳೆಯ ಪತ್ರಿಕೆಗಳು ಮತ್ತು ಸರ್ಕಾರಿ ದಾಖಲೆಗಳು

ಸಂಜಯನಗರ, ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿ, ಹೆಬ್ಬಾಳಗಳ ಸುತ್ತಮುತ್ತ ನೆಲೆಸಿರುವ ಶರಣಬಂಧುಗಳಲ್ಲಿ ಅನೇಕರ ಮನೆತನಗಳು ಎರಡು ಮೂರು ತಲೆಮಾರುಗಳ ಹಿಂದೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಧಾರವಾಡ, ಕಲಬುರಗಿ ಮೊದಲಾದ ಕಡೆಗಳಿಂದ ಬಂದವು. ಈ ಮನೆಗಳ ಮಕ್ಕಳನ್ನು ಅಜ್ಜನ ತಂದೆಯ ಹೆಸರೇನೆಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಮುತ್ತಜ್ಜಿಯ ತವರೂರು ಯಾವುದೆಂದರೆ ಹಿರಿಯರೂ ತಡವರಿಸುತ್ತಾರೆ. ಹೇಳಬಲ್ಲವರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿದ್ದಾರೆ. ಅವರೊಡನೆ ಮರೆಯಾಗುತ್ತಿರುವ ನೆನಪನ್ನು ದಾಖಲೆಗಳ ನೆರವಿನಿಂದ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ಭಕ್ತಾದಿಗಳಿಗೆ ವಿವರಿಸಬಯಸುತ್ತೇವೆ.

ಕುಲವನ್ನು ಕೇಳದ ಪರಂಪರೆಯಲ್ಲಿ ವಂಶದ ಹುಡುಕಾಟವೇಕೆ?

ಈ ಪ್ರಶ್ನೆ ಸಹಜವಾದುದು. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನಿಂದ ಬರುವ ಹಿರಿಮೆಯನ್ನು ಒಪ್ಪಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಇವರನ್ನು ನಾವು ಇಂದಿಗೂ ಅವರವರ ಕಾಯಕದ ಹೆಸರಿನಿಂದಲೇ ಸ್ಮರಿಸುತ್ತೇವೆ. ಮನೆತನದ ಹೆಚ್ಚುಗಾರಿಕೆಯನ್ನು ಮೆರೆಸಲೆಂದು ವಂಶಾವಳಿಯನ್ನು ಹುಡುಕುವುದು ಆ ದಾರಿಗೆ ಹೊಂದುವುದಿಲ್ಲ. ಆದರೆ ನಮ್ಮ ಹಿರಿಯರು ಯಾವ ಕಾಯಕದಿಂದ ಬದುಕಿದರು, ಯಾವ ಬರಗಾಲವನ್ನು ದಾಟಿದರು, ಯಾರ ನೆರವಿನಿಂದ ಓದಿದರು ಎಂಬುದನ್ನು ತಿಳಿಯುವುದು ಋಣಸ್ಮರಣೆ. ಈ ಉದ್ದೇಶವನ್ನು ಮೊದಲು ಗಟ್ಟಿಮಾಡಿಕೊಂಡವನು ದಾಖಲೆಯಲ್ಲಿ ದೊರೆತದ್ದನ್ನು ದೊರೆತಂತೆಯೇ ಸ್ವೀಕರಿಸಬಲ್ಲ.

ಮೊದಲ ಆಕರ ಮನೆಯೇ

ಕಚೇರಿಗೆ ಹೋಗುವ ಮುನ್ನ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಬೇಕು. ಊರು, ಹೋಬಳಿ, ತಾಲ್ಲೂಕು, ಮನೆದೇವರು, ಬೆಡಗು, ಮನೆತನವು ನಡೆದುಕೊಳ್ಳುತ್ತಿದ್ದ ಮಠ, ಸೋದರಮಾವಂದಿರ ಊರು ಇಷ್ಟನ್ನಾದರೂ ಬರೆದುಕೊಳ್ಳಬೇಕು. ಪೆಟ್ಟಿಗೆಯಲ್ಲಿರುವ ಲಗ್ನಪತ್ರಿಕೆಗಳು, ಶಿವಗಣಾರಾಧನೆಯ ಆಹ್ವಾನಪತ್ರಗಳು, ಕಂದಾಯ ರಸೀದಿಗಳು, ಶಾಲೆಯ ವರ್ಗಾವಣೆ ಪತ್ರಗಳು ಇವೆಲ್ಲವೂ ಆಕರಗಳೇ. ಉತ್ತರ ಕರ್ನಾಟಕದ ಮನೆತನಗಳಿಗೆ ಇನ್ನೊಂದು ನೆರವುಂಟು. ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿಯನ್ನು ಹಾಡಿ ಹೇಳುತ್ತಿದ್ದ ಹೆಳವರು ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ತಮ್ಮ ಊರಿಗೆ ಹೆಳವರು ಈಗಲೂ ಬರುತ್ತಾರೆಯೇ ಎಂದು ಅಲ್ಲಿನ ಬಂಧುಗಳನ್ನು ವಿಚಾರಿಸುವುದು ಒಳಿತು.

ಹೆಸರು ಮತ್ತು ಊರು

ಹಳೆಯ ಮೈಸೂರಿನ ದಾಖಲೆಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಪತ್ನಿ. ‘ಬಸಪ್ಪ ಬಿನ್ ವೀರಪ್ಪ’ ಎಂದಿದ್ದರೆ ವೀರಪ್ಪನ ಮಗ ಬಸಪ್ಪ ಎಂದರ್ಥ. ತೊಡಕಿರುವುದು ಮುಂದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದ ಬಸಪ್ಪನ ಮಗ ವೀರಪ್ಪ, ವೀರಪ್ಪನ ಮಗ ಮತ್ತೆ ಬಸಪ್ಪ ಎಂದು ಹೆಸರುಗಳು ಮರುಕಳಿಸುತ್ತವೆ. ಆಗ ಅಜ್ಜ ಮೊಮ್ಮಕ್ಕಳಿಬ್ಬರನ್ನು ಒಬ್ಬನೇ ಎಂದು ಭಾವಿಸುವ ಸಾಧ್ಯತೆ ಹೆಚ್ಚು. ಆದುದರಿಂದ ಹೆಸರಿನೊಡನೆ ತಂದೆಯ ಹೆಸರು, ಸರ್ವೆ ನಂಬರು, ವರ್ಷ ಈ ಮೂರನ್ನೂ ಹೊಂದಿಸಿ ನೋಡಬೇಕು.

ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. ಈ ಭಾಗದ ಹಳೆಯ ಜಮೀನಿನ ಪತ್ರಗಳಲ್ಲಿ ಸಂಜಯನಗರವೆಂಬ ಹೆಸರನ್ನು ಹುಡುಕಿದರೆ ದೊರೆಯದು. ಬಡಾವಣೆ ಏಳುವ ಮುನ್ನ ಇದ್ದವು ಹಳ್ಳಿಗಳು. ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳಂತಹ ಗ್ರಾಮದ ಹೆಸರಿನಲ್ಲಿಯೇ ಅರಸಬೇಕು.

ಪೂರ್ವಜರ ಊರು ಅಂದು ಯಾರ ಆಡಳಿತದಲ್ಲಿತ್ತು ಎಂಬುದೂ ಮುಖ್ಯ. 1956ರ ನವೆಂಬರ್ 1ರ ಏಕೀಕರಣಕ್ಕೆ ಮುನ್ನ ಧಾರವಾಡ, ಬೆಳಗಾವಿ, ವಿಜಯಪುರಗಳು ಮುಂಬಯಿ ಪ್ರಾಂತ್ಯದಲ್ಲಿಯೂ ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದಿನಲ್ಲಿಯೂ ಇದ್ದವು. ಬಳ್ಳಾರಿಯು 1953ರವರೆಗೆ ಮದರಾಸಿಗೆ ಸೇರಿತ್ತು. ಮುಂಬಯಿ ಭಾಗದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿಯೂ ನಿಜಾಮರ ಭಾಗದವು ಉರ್ದು, ಪಾರ್ಸಿಗಳಲ್ಲಿಯೂ ಇರಬಹುದು. ಓದಬಲ್ಲವರನ್ನು ಹುಡುಕಿ ಓದಿಸಬೇಕಲ್ಲದೆ, ಓದಲಾಗದೆಂದು ಎಸೆಯಬಾರದು.

ಜನನ ಮರಣಗಳ ನೋಂದಣಿ

ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮವು 1969ರಲ್ಲಿ ಬಂದಿತು. ಅದರ 17ನೆಯ ಕಲಮಿನಂತೆ ನಿಗದಿತ ಶುಲ್ಕ ಕೊಟ್ಟು ನೋಂದಣಿ ಪುಸ್ತಕದಲ್ಲಿ ಹುಡುಕಿಸಿ ನಕಲನ್ನು ಪಡೆಯಬಹುದು. ಮರಣದ ಕಾರಣವನ್ನು ಮಾತ್ರ ನಕಲಿನಲ್ಲಿ ತಿಳಿಸುವುದಿಲ್ಲ. ಅದಕ್ಕೂ ಹಿಂದಿನ ಕಾಲದ ಪುಸ್ತಕಗಳು ಎಲ್ಲ ಊರುಗಳಲ್ಲಿಯೂ ಸಮನಾಗಿ ಉಳಿದಿಲ್ಲ. ಜನನದ ದಾಖಲೆಯಲ್ಲಿ ಮಗುವಿನ ಹೆಸರೇ ಇಲ್ಲದಿರುವುದೂ ಉಂಟು, ಏಕೆಂದರೆ ನಾಮಕರಣಕ್ಕೆ ಮುಂಚೆಯೇ ನೋಂದಣಿಯಾಗುತ್ತಿತ್ತು. ಅಂತಹ ಕಡೆ ತಂದೆತಾಯಿಗಳ ಹೆಸರು ಮತ್ತು ದಿನಾಂಕದಿಂದಲೇ ಗುರುತಿಸಬೇಕು. ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಪತ್ರವು ಅರ್ಜಿದಾರರ ಹೇಳಿಕೆ ಮತ್ತು ಸ್ಥಳವಿಚಾರಣೆಯನ್ನು ಆಧರಿಸಿದ್ದು. ವ್ಯವಹಾರಕ್ಕೆ ಅದು ಬೇಕಾದರೂ ಹಳೆಯ ತಲೆಮಾರುಗಳಿಗೆ ಅದೊಂದೇ ಸಾಕ್ಷಿಯಾಗಲಾರದು.

ಭೂಮಿಯ ಕಾಗದಗಳು

ಒಕ್ಕಲು ಮನೆತನಗಳಿಗೆ ಇದೇ ದೊಡ್ಡ ಭಂಡಾರ. ಖಾತೆದಾರರು ತೀರಿಕೊಂಡ ಬಳಿಕ ವಾರಸುದಾರರಿಗೆ ಆಗುವ ಪೌತಿ ಖಾತೆಯ ನಮೂದಿನಲ್ಲಿ ತಂದೆಯ ಹೆಸರೂ ಮಕ್ಕಳ ಹೆಸರೂ ಒಂದೇ ಕಡೆ ದೊರೆಯುತ್ತವೆ. ಇಂದಿನ ಪಹಣಿಯಿಂದ ಹಿಂದಕ್ಕೆ ಒಂದೊಂದೇ ಖಾತೆ ಬದಲಾವಣೆಯನ್ನು ಹಿಡಿದು ಹೋದರೆ ಮೂರು ನಾಲ್ಕು ತಲೆಮಾರುಗಳನ್ನು ತಲುಪಬಹುದು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿರುವ ವಿಭಾಗಪತ್ರ, ಕ್ರಯಪತ್ರ, ದಾನಪತ್ರಗಳಲ್ಲಿ ಅಣ್ಣತಮ್ಮಂದಿರ ವಯಸ್ಸು, ಕಸುಬು, ವಾಸಸ್ಥಳಗಳೂ ಇರುತ್ತವೆ.

ಇಲ್ಲೊಂದು ನೋವಿನ ಸಂಗತಿಯಿದೆ. ಹಳೆಯ ವಿಭಾಗಪತ್ರಗಳನ್ನಷ್ಟೇ ನೋಡಿದರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳೇ ಹುಟ್ಟಿರಲಿಲ್ಲವೆಂದು ತೋರುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯು ಅವಿವಾಹಿತ ಹೆಣ್ಣುಮಕ್ಕಳಿಗೂ 2005ರ ಕೇಂದ್ರದ ತಿದ್ದುಪಡಿಯು ಎಲ್ಲ ಹೆಣ್ಣುಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲನ್ನು ಕೊಟ್ಟವು. ಅಂದಿನಿಂದ ಅವರ ಹೆಸರುಗಳು ಪತ್ರಗಳಲ್ಲಿ ಕಾಣತೊಡಗಿದವು. ಅದಕ್ಕೂ ಹಿಂದಿನ ತಾಯಂದಿರನ್ನು ಕಾಣಬೇಕಾದರೆ ‘ಕೋಂ’ ಎಂಬ ಪದದ ಹಿಂದೆ ಹೋಗಬೇಕು. ಲಗ್ನಪತ್ರಿಕೆ, ಶಾಲೆಯ ದಾಖಲಾತಿ ಪುಸ್ತಕ, ತವರಿನ ಬಂಧುಗಳ ನೆನಪು ಇವುಗಳನ್ನು ಕೂಡಿಸಬೇಕು. ಅಕ್ಕಮಹಾದೇವಿ, ಲಕ್ಕಮ್ಮ, ಸತ್ಯಕ್ಕರನ್ನು ಹೆಸರಿಟ್ಟು ನೆನೆಯುವ ಸಮುದಾಯವು ತನ್ನ ಮನೆಯ ಅಜ್ಜಿಯರನ್ನು ಹೆಸರಿಲ್ಲದವರನ್ನಾಗಿ ಬಿಡಬಾರದು.

ಹಳೆಯ ಪತ್ರಿಕೆಗಳು

ಕನ್ನಡ ಪತ್ರಿಕೆಗಳ ಇತಿಹಾಸವು 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಮೊದಲಾಗುತ್ತದೆ. ಮೈಸೂರಿನಲ್ಲಿ ಯಜಮಾನ ವೀರಬಸಪ್ಪನವರ ‘ಮೈಸೂರು ಸ್ಟಾರ್’, ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ ನಮ್ಮ ಸಮಾಜದ ಹಳೆಯ ಸಂಗತಿಗಳನ್ನು ಅರಸುವವರು ನೋಡಬೇಕಾದವು. 1948ರಿಂದ ‘ಪ್ರಜಾವಾಣಿ’ಯೂ ಇದೆ. ಸಾಮಾನ್ಯ ಒಕ್ಕಲಿಗನ ಸುದ್ದಿ ಅಂದಿನ ಪತ್ರಿಕೆಗಳಲ್ಲಿ ದೊರೆಯುವುದು ಕಡಿಮೆ. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪಟ್ಟಿ, ವಿದ್ಯಾರ್ಥಿನಿಲಯಕ್ಕೆ ದೇಣಿಗೆ ಕೊಟ್ಟವರ ಪಟ್ಟಿ, ನ್ಯಾಯಾಲಯದ ಪ್ರಕಟಣೆ, ಹರಾಜಿನ ಜಾಹೀರಾತು, ನಿಧನವಾರ್ತೆ ಇವುಗಳಲ್ಲಿ ಅವನ ಹೆಸರು ಬರಬಹುದು. ಗಣಕದಲ್ಲಿ ಹೆಸರನ್ನು ಟೈಪು ಮಾಡಿ ಹುಡುಕುವುದನ್ನಷ್ಟೇ ನಂಬಬಾರದು. ಹಳೆಯ ಅಚ್ಚಿನ ಅಕ್ಷರಗಳನ್ನು ಯಂತ್ರವು ಅನೇಕ ಬಾರಿ ತಪ್ಪಾಗಿ ಓದುತ್ತದೆ. ಘಟನೆಯ ವರ್ಷವನ್ನು ಅಂದಾಜು ಮಾಡಿಕೊಂಡು ಪುಟಪುಟವಾಗಿ ತಿರುವುವುದೇ ಸರಿಯಾದ ದಾರಿ. ಮೈಸೂರು ಸಂಸ್ಥಾನದ ಸರ್ಕಾರಿ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಆಶ್ರಯಿಸಬಹುದು.

ಕಾಲದ ಲೆಕ್ಕ

ಹಳೆಯ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿರುವುದುಂಟು. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುತ್ತದೆ. ‘ವಿಳಂಬಿ’ ಎಂದಿದ್ದರೆ ಅದು 1838–39, 1898–99 ಅಥವಾ 1958–59 ಆಗಿರಬಹುದು. ಪತ್ರದಲ್ಲಿರುವ ಇತರ ಹೆಸರುಗಳಿಂದ ಯಾವುದೆಂದು ನಿರ್ಧರಿಸಬೇಕು. ಹೈದರಾಬಾದಿನ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ದೊರೆಯುತ್ತದೆ. ಮನೆತನದ ಎಳೆ ಥಟ್ಟನೆ ಕಡಿದಲ್ಲಿ ಅಂದಿನ ಕಾಲವನ್ನು ನೆನೆಯಬೇಕು. 1876–78ರ ಬರದಿಂದಾಗಿ, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ. ದಾಖಲೆಯಲ್ಲಿ ಕಾಣದೆ ಹೋದ ಹೆಸರಿನ ಹಿಂದೆ ಇಂತಹ ದುಃಖವಿರಬಹುದು.

ಸತ್ಯವೇ ಕಾಣಿಕೆ

ಪ್ರತಿಯೊಂದು ದಾಖಲೆಯೂ ತನ್ನ ಕೆಲಸಕ್ಕಾಗಿ ಹುಟ್ಟಿದುದು. ಕಂದಾಯದ ಪುಸ್ತಕಕ್ಕೆ ಬೇಕಾದದ್ದು ತೆರಿಗೆ, ನ್ಯಾಯಾಲಯಕ್ಕೆ ಬೇಕಾದದ್ದು ವಾದಿ ಪ್ರತಿವಾದಿಗಳು. ಆದುದರಿಂದ ಬೇರೆ ಬೇರೆ ಕಾರಣಕ್ಕೆ ಬರೆಯಲಾದ ಎರಡು ದಾಖಲೆಗಳು ಒಂದೇ ಮಾತನ್ನು ಹೇಳುವವರೆಗೆ ಯಾವುದನ್ನೂ ಖಚಿತವೆಂದು ಬರೆಯಬಾರದು. ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ಹುಡುಕುತ್ತ ಹೋದಂತೆ ಸಾಲ, ವ್ಯಾಜ್ಯ, ದತ್ತು, ಇನ್ನೊಂದು ಕುಲದಿಂದ ಬಂದ ಹಿರಿಯರು ಇಂಥವೂ ಎದುರಾಗಬಹುದು. ಅವನ್ನು ಮುಚ್ಚಿಡಬೇಕಾದ ಅಗತ್ಯ ನಮಗಿಲ್ಲ. ಹುಟ್ಟನ್ನು ಅಳತೆಗೋಲಾಗಿ ಹಿಡಿಯದವರಿಗೆ ಇವು ನಾಚಿಕೆಯ ಸಂಗತಿಗಳಲ್ಲ. ಬದುಕಿರುವವರ ಖಾಸಗಿ ವಿವರಗಳನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಹಂಚಬಾರದು.

ಹಳಕಟ್ಟಿಯವರು ಮನೆಮನೆಗಳಲ್ಲಿ ಮೂಲೆಗುಂಪಾಗಿದ್ದ ತಾಡೋಲೆಗಳನ್ನು ಸಂಗ್ರಹಿಸದೆ ಹೋಗಿದ್ದರೆ ಎಷ್ಟೋ ವಚನಗಳು ನಮಗೆ ಉಳಿಯುತ್ತಿರಲಿಲ್ಲ. ಪ್ರತಿಯೊಂದು ಮನೆಯೂ ತನ್ನ ಅಳತೆಗೆ ಅಂತಹ ಒಂದು ಕಾಯಕವನ್ನು ಮಾಡಬಹುದು. ಒಂದು ಪುಸ್ತಕವನ್ನು ತೆರೆದು, ಮನೆಯ ಅತಿ ಹಿರಿಯರ ಬಾಯಿಂದ ಹೆಸರು, ಊರು, ಕಾಯಕ ಈ ಮೂರನ್ನು ಬರೆದಿಡಿ. ಪ್ರತಿಯೊಂದನ್ನು ಇನ್ನೊಬ್ಬ ಬಂಧುವಿನ ಮನೆಯಲ್ಲಿಯೂ ಇರಿಸಿ. ಕಚೇರಿಯ ಕಡತ ಕೆಲವು ದಿನ ಕಾಯಬಲ್ಲದು. ಹಿರಿಯರ ನೆನಪು ಕಾಯದು.