ಡೆಸ್ಕ್‌ಟಾಪ್ ಸಾಫ್ಟ್‌ವೇರ್ ರಚನೆ: ಮೊದಲ ಪಾಠ ಆರಿಸುವುದು ಹೇಗೆ?



ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವವರಲ್ಲಿ ಕೆಲವರು, ಕಂಪ್ಯೂಟರ್ ಸಾಫ್ಟ್‌ವೇರ್ ಮಾಡಲು ಕಲಿಯಬೇಕು, ಅದಕ್ಕೆ ಕೋರ್ಸಿನ ಶುಲ್ಕ ಕೊಡಿ ಎಂದು ಕೇಳುತ್ತಾರೆ. ಆಸೆ ಒಳ್ಳೆಯದೇ. ಆದರೆ ಆರಂಭದ ಪಾಠಗಳು ಹಣವಿಲ್ಲದೆ ಸಿಗುತ್ತವೆ ಎಂಬುದನ್ನು ಮೊದಲು ತಿಳಿಯಿರಿ.

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಎಂದರೆ ಕಂಪ್ಯೂಟರಿನಲ್ಲೇ ಇದ್ದು, ತನ್ನದೇ ವಿಂಡೋದಲ್ಲಿ ತೆರೆದುಕೊಳ್ಳುವಂಥದ್ದು. ಅಂಗಡಿಯ ಬಿಲ್ಲಿಂಗ್, ಕನ್ನಡ ಟೈಪಿಂಗಿನ ‘ನುಡಿ’ ಇದಕ್ಕೆ ಉದಾಹರಣೆ. ಇದನ್ನು ಬರೆಯಲು ಸಿ ಶಾರ್ಪ್, ಜಾವಾ, ಪೈಥಾನ್ ಹೀಗೆ ಹಲವು ಭಾಷೆಗಳಿವೆ. ಹೊಸಬರಿಗೆ ನಮ್ಮ ಸಲಹೆ ಪೈಥಾನ್. ಅದು ಉಚಿತ. ವಿಂಡೋಸ್‌ನಲ್ಲಿ ಅದನ್ನು ಹಾಕಿಕೊಂಡರೆ ವಿಂಡೋ, ಬಟನ್ ಮಾಡುವ ‘ಟಿಕಿಂಟರ್’ ಕೂಡ ಜೊತೆಗೇ ಬರುತ್ತದೆ.

ಪಾಠಕ್ಕೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ನೋಡಿ. ಚಿಕ್ಕ ಚಿಕ್ಕ ವೀಡಿಯೊಗಳು. ನೋಡುತ್ತಾ ಪಕ್ಕದಲ್ಲೇ ಮಾಡಬಹುದು. ಹಲವು ಪಾಠಗಳಿಗೆ ಕನ್ನಡ ಧ್ವನಿಯೂ ಇದೆ.

ಬೇರೆ ಯಾವ ಪಾಠ ಸಿಕ್ಕರೂ ಮೂರು ವಿಷಯ ಪರೀಕ್ಷಿಸಿ.

1. ಪಾಠ ಹಳೆಯದೇ? ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದೆ. ‘ಪ್ರಿಂಟ್’ ಪದದ ಮುಂದೆ ಆವರಣ ಚಿಹ್ನೆ ಇಲ್ಲದಿದ್ದರೆ, ಅಥವಾ ಟಿಕಿಂಟರ್ ಹೆಸರಿನ ಇಂಗ್ಲಿಷ್ ‘ಟಿ’ ದೊಡ್ಡಕ್ಷರದಲ್ಲಿದ್ದರೆ ಅದು ಹಳೆಯ ಪಾಠ. ಈಗಿನ ಪೈಥಾನ್‌ನಲ್ಲಿ ಅದು ಓಡದು. ಎಷ್ಟೋ ಮಕ್ಕಳು ತಮಗೇ ಬುದ್ಧಿ ಸಾಲದೆಂದು ಕೈಬಿಡುವುದು ಇಲ್ಲೇ. ತಪ್ಪು ಅವರದಲ್ಲ, ಪಾಠದ್ದು.
2. ಮೊದಲ ಪಾಠದ ಕೊನೆಗೆ ಓಡುವ ಪುಟ್ಟ ವಿಂಡೋ ಸಿದ್ಧವಾಗುತ್ತದೆಯೇ?
3. ಪ್ರತಿ ಸಾಲು ಏಕೆ ಬೇಕೆಂದು ಹೇಳಿ, ಅಭ್ಯಾಸವನ್ನೂ ಕೊಡುತ್ತಾರೆಯೇ?

ನಕಲು ಮಾಡಿ ಅಂಟಿಸಬೇಡಿ, ಕೈಯಾರೆ ಟೈಪ್ ಮಾಡಿ. ಒಂದು ಪಾಠಮಾಲೆ ಮುಗಿಯುವ ಮುನ್ನ ಇನ್ನೊಂದಕ್ಕೆ ಹಾರಬೇಡಿ.

ಮೊದಲ ಸ್ವಂತ ಕೆಲಸವಾಗಿ ಝಕಾತ್ ಲೆಕ್ಕದ ಸಾಫ್ಟ್‌ವೇರ್ ಮಾಡಿ. ಉಳಿತಾಯದ ಹಣಕ್ಕೊಂದು ಪೆಟ್ಟಿಗೆ, ಆ ದಿನದ ನಿಸಾಬ್‌ಗೊಂದು ಪೆಟ್ಟಿಗೆ, ಒಂದು ಬಟನ್ ಸಾಕು. ಹಣ ನಿಸಾಬ್‌ಗಿಂತ ಕಡಿಮೆಯಿದ್ದರೆ ‘ಝಕಾತ್ ಇಲ್ಲ’ ಎನ್ನಬೇಕು. ಇಲ್ಲದಿದ್ದರೆ 40ರಿಂದ ಭಾಗಿಸಿ ಶೇ. 2.5 ತೋರಿಸಬೇಕು. ಪೆಟ್ಟಿಗೆಯಲ್ಲಿ ಬರೆದದ್ದನ್ನು ಕಂಪ್ಯೂಟರ್ ಅಕ್ಷರವೆಂದೇ ತಿಳಿಯುತ್ತದೆ. ಅದನ್ನು ಸಂಖ್ಯೆಯಾಗಿ ಬದಲಿಸಿದ ಮೇಲೆಯೇ ಲೆಕ್ಕ ಮಾಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಈ ಜಾಗದಲ್ಲಿ.

ವಿದ್ಯಾರ್ಥಿವೇತನದ ಪ್ರತಿ ರೂಪಾಯಿ ದಾನಿಗಳ ಅಮಾನತ್. ಆದ್ದರಿಂದ ಅರ್ಜಿಯಲ್ಲಿ ಕಂಪ್ಯೂಟರ್ ಕೋರ್ಸಿನ ಶುಲ್ಕ ಬರೆಯುವ ಮುನ್ನ ಒಂದು ತಿಂಗಳು ಹೀಗೆ ಕಲಿತು ನೋಡಿ. ಮಾಡಿದ್ದನ್ನು ಪೆನ್‌ಡ್ರೈವ್‌ನಲ್ಲಿ ಸಂದರ್ಶನಕ್ಕೆ ತನ್ನಿ, ಅರ್ಧವಾಗಿದ್ದರೂ ಸರಿ. ಮುಂದಿನ ಹಂತಕ್ಕೆ ನಿಜವಾಗಿಯೂ ಶುಲ್ಕ ಬೇಕಿದ್ದರೆ, ಇನ್ಶಾ ಅಲ್ಲಾಹ್, ನಿಮ್ಮ ಪರವಾಗಿ ಸಮಿತಿಯ ಮುಂದೆ ನಾವೇ ಮಾತನಾಡುತ್ತೇವೆ.